ಬಲೆ ದಡ ಸೇರುವ ಮೊದಲು

"ಸುಮ್ಮನೆ ನೋಡ್ತಾ ನಿಲ್ಲಬೇಡಿ, ಹಗ್ಗ ಹಿಡೀರಿ!"

ಹೇಳಿದವನ ಮುಖವನ್ನೂ ಸರಿಯಾಗಿ ನೋಡದೆ ತೃಷಾ ದಡದಿಂದಲೇ ಎಳೆಯುವ ಕೈರಂಪಣಿ ಬಲೆಯ ಹಗ್ಗ ಹಿಡಿದಳು. ಕಾಪುವಿನ ದೀಪಸ್ತಂಭ ನೋಡಿ ಕಾರ್ಕಳದ ಮನೆಗೆ ಹೊರಟವಳು, ಎರ್ಮಾಳಿನ ಕಡಲ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿದ್ದಷ್ಟೇ. ಮರಳಲ್ಲಿ ಸಾಲಾಗಿ ನಿಂತ ಜನ ಬಲೆ ಎಳೆಯುತ್ತಿದ್ದರು. ಬಲೆ ಇನ್ನೂ ಅಲೆಗಳ ಆಚೆಗಿತ್ತು.

"ಯಾವ ಊರು?" ಹಿಂದಿನಿಂದ ಅವನ ಸ್ವರ.

"ಕಾರ್ಕಳ. ಮಣಿಪಾಲದಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡ್ತೇನೆ."

"ನಾನು ರಿತೇಶ್. ಬಲೆ ನಮ್ಮದೇ. ಮುಂದಿನ ಆದಿತ್ಯವಾರವೂ ಬರ್ತೀರಾ?"

ಎಂಥ ಧೈರ್ಯ ಇವನಿಗೆ... ತೃಷಾ ತಿರುಗಿ ಅವನ ಮುಖ ನೋಡಿದಳು.

ಉತ್ತರಿಸುವ ಮೊದಲೇ ಬಲೆ ದಡಕ್ಕೆ ಬಂತು. ತುಂಬ ಬಂಗುಡೆ ಮೀನು! ರಿತೇಶನ ತಾಯಿ ಕುಶಲಾ ಓಡಿ ಬಂದು ಅವಳ ಗಲ್ಲ ಹಿಡಿದರು.

"ಎಂಥ ಒಳ್ಳೆ ಕಾಲ್ಗುಣ ಮಗಾ ನಿನ್ನದು!"

ಮುಂದಿನ ಆದಿತ್ಯವಾರ ಅವಳ ಸ್ಕೂಟರ್ ತಾನಾಗಿಯೇ ಎರ್ಮಾಳಿಗೆ ತಿರುಗಿತು. ಮತ್ತೆ ಮತ್ತೆ ತಿರುಗಿತು. ಪ್ರತಿ ಸಲವೂ ಮೀನು ಬಿತ್ತು, ಅವಳೂ ಬಿದ್ದಳು! ಎರಡೂ ಮನೆಯವರು ಒಪ್ಪಿ ನಿಶ್ಚಿತಾರ್ಥಕ್ಕೆ ದಿನವೂ ಗೊತ್ತಾಯಿತು.

ಅಷ್ಟರಲ್ಲಿ ಒಂದು ಸಂಜೆ ತೃಷಾ ರಿತೇಶನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕುಶಲಾರ ಮಾತು ಕಿವಿಗೆ ಬಿತ್ತು.

"ಇಂಥ ಕಾಲ್ಗುಣ ಮತ್ತೆ ಸಿಗ್ಲಿಕ್ಕುಂಟಾ? ಇವಳನ್ನು ಮಾತ್ರ ಬಿಡಬೇಡ ರಿತೇಶ."

ರಿತೇಶ ನಕ್ಕನೇ ಹೊರತು ಏನೂ ಹೇಳಲಿಲ್ಲ. ಆ ನಗು ತೃಷಾಳ ನಿದ್ದೆ ಕೆಡಿಸಿತು.

ಎರಡು ಸಂಗತಿ ಜೊತೆಯಾಗಿ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುವವಳು ಅವಳೇ. ಹಾಗಾದರೆ ಇವನ ಪ್ರೀತಿಗೆ ಕಾರಣ ಯಾರು... ನಾನಾ, ಬಂಗುಡೆಯಾ? ಹೋಗಲಿ, ನಾನಾದರೂ ಇವನನ್ನು ಆರಿಸಿಕೊಂಡೆನಾ? ಅಥವಾ ಎಲ್ಲರೂ ಎಳೆದ ಕಡೆ ನಾನೂ ಬಂದೆನಾ?

ನಿಶ್ಚಿತಾರ್ಥದ ಹಿಂದಿನ ದಿನ ಅವಳು ಮತ್ತೆ ಹಗ್ಗ ಹಿಡಿದಳು. ದೇವರೇ, ಇವತ್ತೊಂದು ದಿನ ಮೀನು ಬೀಳದಿರಲಿ...

ಬಲೆ ಬಂತು. ಪಾಚಿ, ಪ್ಲಾಸ್ಟಿಕ್ ಬಾಟಲಿ, ಅಷ್ಟೇ. ಎಲ್ಲರ ಕಣ್ಣೂ ಅವಳ ಮೇಲೆ. ಕುಶಲಾರ ಮುಖ ಬಾಡಿತು.

"ಈಗ ಹೇಳಿ, ನಾಳೆ ನಿಶ್ಚಿತಾರ್ಥ ಉಂಟಾ?" ತೃಷಾ ಹಗ್ಗ ಕೈಬಿಟ್ಟು ಕೇಳಿದಳು.

ರಿತೇಶ ತಾಯಿಯ ಕಡೆ ತಿರುಗಿದ. "ಅಮ್ಮ, ಕಡಲಲ್ಲಿ ಮೀನಿರಲಿಲ್ಲ, ಬಲೆಗೆ ಬೀಳಲಿಲ್ಲ. ಅದಕ್ಕೂ ಇವಳಿಗೂ ಎಂತ ಸಂಬಂಧ? ಈ ಮಾತು ನೀನು ಕಾಲ್ಗುಣ ಅಂದಾಗಲೇ ನಾನು ಹೇಳಬೇಕಿತ್ತು." ಮತ್ತೆ ಅವಳತ್ತ ನೋಡಿದ. "ಮೊದಲ ದಿನ 'ಮತ್ತೆ ಬರ್ತೀರಾ' ಅಂತ ನಾನು ಕೇಳಿದಾಗ ಬಲೆ ಎಲ್ಲಿತ್ತು ತೃಷಾ?"

ಅಲೆಗಳ ಆಚೆ... ಅವಳ ಕಣ್ಣು ತುಂಬಿ ಬಂತು.

"ಕಡಲಲ್ಲಿ."

"ಅದರೊಳಗೆ ಎಂತ ಉಂಟು ಅಂತ ಆಗ ನನಗೆ ಗೊತ್ತಿತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕುಶಲಾ ಹತ್ತಿರ ಬಂದು ತಮ್ಮ ಸೆರಗಿನಿಂದ ಅವಳ ಒದ್ದೆ ಕೈ ಒರೆಸಿದರು.

"ನಿನಗೆ ಬೇಡ ಅಂದ್ರೆ ನಾಳೆ ಬೇಡ," ಎಂದ ರಿತೇಶ. "ಇನ್ನು ಯಾರೂ ಎಳೆಯುವುದಿಲ್ಲ. ನೀನೇ ಹೇಳು."

ಬಹಳ ದಿನಗಳ ನಂತರ ತೃಷಾಳ ಎದೆ ಹಗುರವಾಯಿತು.

"ಮೊದಲ ದಿನ ಕೇಳಿದ್ದಕ್ಕೆ ನಾನು ಉತ್ತರವೇ ಕೊಟ್ಟಿರಲಿಲ್ಲ, ಅಲ್ವಾ?"

"ಇಲ್ಲ."

"ಬರ್ತೇನೆ."