ಓದದೆ ಮರಳಿಸಿದ ಸ್ಲೈಡ್

“ಇನ್ನೊಂದು ಸಲ ನನ್ನ ತಂಗಿಗೆ ಸೂಜಿ ಚುಚ್ಚಿದ್ರೆ ನೋಡಿ ಮತ್ತೆ!”

ರಕ್ತ ತೆಗೆಯುವ ಕೋಣೆಯ ಬಾಗಿಲಿಗೆ ಅಡ್ಡ ನಿಂತು ಅವನು ಗುಡುಗಿದ. ಎಣ್ಣೆ ಕಲೆಯ ಅಂಗಿ, ಸೊಂಟದಲ್ಲಿ ಸ್ಪ್ಯಾನರು. ಲಿಫ್ಟ್ ಮೆಕ್ಯಾನಿಕ್ ಎಂದು ಜೇಬಿನ ಮೇಲೆ ಹೊಲಿದ ಅಕ್ಷರಗಳೇ ಹೇಳುತ್ತಿದ್ದವು. ಹಿಂದೆ ಕುರ್ಚಿಯಲ್ಲಿ ಕೂತಿದ್ದವಳು ಅವನ ತಂಗಿ ಚೋಟು. ಹೈಸ್ಕೂಲಿನ ಹುಡುಗಿ, ನೋಡಿದರೆ ಮೂರನೇ ಕ್ಲಾಸು ಅನ್ನಬೇಕು. ತೋಳಿನ ತುಂಬ ನೀಲಿಗಟ್ಟಿದ ಕಲೆಗಳು.

ಲ್ಯಾಬಿನ ಹುಡುಗಿ ಮಾತಿಗೆ ಮಾತು ಬೆಳೆಸಲಿಲ್ಲ. ಚೋಟುವಿನ ಪಕ್ಕದ ಕುರ್ಚಿಯಲ್ಲಿ ಕೂತು, ತನ್ನ ತೋಳನ್ನೇ ಚಾಚಿ ಜೊತೆಗಾರ್ತಿಗೆ ಹೇಳಿದಳು: “ಮೊದಲು ನಂಗೆ ಚುಚ್ಚು.”

ಅವನು ತಬ್ಬಿಬ್ಬಾದ. “ನಿಮಗೂ ಕಾಯಿಲೆನಾ?”

“ಇಲ್ಲ ಮಾರಾಯರೇ! ಹೋಲಿಸಿ ನೋಡೋಕೆ ಆರೋಗ್ಯವಾಗಿರೋ ಒಬ್ಬರ ರಕ್ತ ಬೇಕು. ಇವತ್ತು ಸರದಿ ನಂದು.”

ಚೋಟು ಕಿಸಕ್ಕನೆ ನಕ್ಕಳು. “ಅಣ್ಣಾ, ಪಕ್ಕಕ್ಕೆ ಬಾ. ಈ ರಕ್ತದಕ್ಕ ಅಳಲಿಲ್ಲ ಅಂದ್ರೆ ನಾನೂ ಅಳಲ್ಲ.”

ಅಂದಿನಿಂದ ಅವಳಿಗೆ ರಕ್ತದಕ್ಕ ಎಂಬ ಹೆಸರೇ ಅಂಟಿಕೊಂಡಿತು. ಪ್ರೇಮಕಥೆಯ ನಾಯಕಿಗೆ ಇಂಥ ಹೆಸರೇ ಎಂದು ಮೂಗು ಮುರಿಯಬೇಡಿ. ಇಟ್ಟವಳು ಚೋಟು, ನಾನಲ್ಲ!

ಪರೀಕ್ಷೆಯ ಫಲಿತಾಂಶ ಒಳ್ಳೆಯದಿರಲಿಲ್ಲ. ಫ್ಯಾಂಕೋನಿ ಎಂಬ ಅಪರೂಪದ ಕಾಯಿಲೆ. ಡಾಕ್ಟರು ಹೇಳಿದ್ದು ಅರ್ಧ ಕಿವಿಗೆ ಬಿತ್ತು, ಅರ್ಧ ಬೀಳಲಿಲ್ಲ. ಅವನು ಮೆಟ್ಟಿಲ ಮೇಲೆ ಕುಸಿದು ಕೂತಿದ್ದಾಗ ರಕ್ತದಕ್ಕನೇ ಬಂದು ಪಕ್ಕದಲ್ಲಿ ಕೂತಳು.

“ಚೋಟು ಬ್ಯಾಗಿನ ಜಿಪ್ ಬಟ್ಟೆ ಕಚ್ಚಿಕೊಂಡು ನಿಂತಿತ್ತಲ್ಲ ಮೊನ್ನೆ? ನಮ್ಮ ಡಿಎನ್‌ಎಗೂ ಹಾಗಾಗ್ತಾ ಇರುತ್ತೆ. ಎರಡು ಎಳೆ ಒಂದಕ್ಕೊಂದು ಕಚ್ಚಿಕೊಂಡು ಬಿಚ್ಚೋಕೇ ಬರಲ್ಲ. ಅದನ್ನ ಬಿಡಿಸಿ ಸರಿಮಾಡೋರು ಜೀವಕೋಶದ ಒಳಗೇ ಇರ್ತಾರೆ. ಚೋಟುಗೆ ಆ ಕೆಲಸ ಸರಿಯಾಗಿ ನಡೀತಿಲ್ಲ. ಅದಕ್ಕೇ ಮೂಳೆಯೊಳಗಿನ ಮಜ್ಜೆ ಸೋಲ್ತಿದೆ, ರಕ್ತ ಸಾಲ್ತಿಲ್ಲ.”

ಅವನು ಸೊಂಟದ ಸ್ಪ್ಯಾನರನ್ನು ಕೈಗೆತ್ತಿಕೊಂಡು ದಿಟ್ಟಿಸಿದ.

“ಊರಿಗೆಲ್ಲ ರಿಪೇರಿ ಮಾಡ್ಕೊಂಡು ಓಡಾಡ್ತೀನಿ ನಾನು... ನನ್ನ ತಂಗಿಯೊಳಗೇ ರಿಪೇರಿಯವರು ರಜಾನಾ?”

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಕಣ್ಣು ಮಾತ್ರ ಒದ್ದೆಯಾಯಿತು.

ಆಮೇಲೆ ಚೋಟುಗೆ ರಕ್ತ ಹಾಕಿಸುವ ದಿನಗಳಲ್ಲೆಲ್ಲ ಅವಳು ವಾರ್ಡಿಗೆ ಇಣುಕುವುದು, ಅವನು ಎರಡು ಲೋಟ ಟೀ ಹಿಡಿದು ಕಾಯುವುದು ರೂಢಿಯಾಯಿತು. ಆಸ್ಪತ್ರೆಯ ಲಿಫ್ಟು ಕೆಟ್ಟರೆ, ಸರಿಮಾಡಲು ಅವನೇ ಬರುತ್ತಾನೆಂದು ಅವಳಿಗೆ ಒಳಗೊಳಗೇ ಖುಷಿ. ಥೂ, ರೋಗಿಗಳು ಒದ್ದಾಡುವಾಗ ಇದೆಂಥ ಖುಷಿ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದು ದಿನ ಆಶೆಯ ಸುದ್ದಿ ಬಂತು. ಬೇರೆಯವರ ಒಳ್ಳೆಯ ಮಜ್ಜೆ ಹಾಕಿದರೆ ಚೋಟು ಉಳಿಯಬಹುದು; ಅಣ್ಣನ ಮಜ್ಜೆ ತಂಗಿಗೆ ಹೊಂದುತ್ತದೆ! ಆದರೆ ಅದೇ ಕಾಯಿಲೆ ಅವನೊಳಗೂ ಸದ್ದಿಲ್ಲದೆ ಅಡಗಿರಬಹುದು. ಇಲ್ಲವೆಂದು ಖಾತ್ರಿಯಾದರೆ ಮಾತ್ರ ಅವನು ಕೊಡಬಹುದು.

ರಕ್ತ ಕೊಟ್ಟು ಎದ್ದವನು ಹತ್ತಿಯನ್ನು ತೋಳಿಗೆ ಒತ್ತಿಕೊಂಡು ಹೇಳಿದ: “ಫಲಿತಾಂಶ ಬರಲಿ. ಆಮೇಲೆ ನಿಮ್ಮ ಹತ್ರ ಒಂದು ಮಾತು ಹೇಳೋದಿದೆ.”

“ಈಗಲೇ ಹೇಳಬಹುದಲ್ಲ?”

“ಒಳಗೆ ಏನಿದೆ ಅಂತ ಗೊತ್ತಾಗದೆ ಹೇಗೆ ಹೇಳಲಿ...”

ಅಂದೂ ಹೋಲಿಕೆಗೆ ರಕ್ತ ಕೊಡುವ ಸರದಿ ಅವಳದೇ ಆಗಿತ್ತು.

ಇಬ್ಬರ ಜೀವಕೋಶಗಳನ್ನೂ ಕೆಲವು ದಿನ ಬೆಳೆಸಿದರು. ಡಿಎನ್‌ಎ ಕೆಡಿಸುವ ಔಷಧಿಯನ್ನು ಬೇಕೆಂದೇ ಹಾಕಿದರು. ಯಾರದು ತಾನೇ ಸರಿಯಾಗುತ್ತದೆ, ಯಾರದು ಒಡೆದು ಚೂರಾಗುತ್ತದೆ ಎಂದು ನೋಡುವುದೇ ಪರೀಕ್ಷೆ. ಆ ಕೋಶಗಳನ್ನು ಹಚ್ಚಿ ಹೆಸರು ಮುಚ್ಚಿದ ಎರಡು ಗಾಜಿನ ಸ್ಲೈಡುಗಳು ಅವಳ ಮೇಜಿಗೆ ಬಂದವು. ಅವಳು ಮೈಕ್ರೋಸ್ಕೋಪಿನ ದೀಪ ಹಾಕಿದಳು, ಆರಿಸಿದಳು. ಸ್ಲೈಡುಗಳನ್ನು ಹಾಗೇ ಎತ್ತಿಕೊಂಡು ಲ್ಯಾಬಿನ ಮುಖ್ಯಸ್ಥೆ ದೊಡ್ಡ ಮೇಡಂ ಕೋಣೆಗೆ ಹೋದಳು. ಅಂದು ಸಂಜೆ ಅವನ ಫೋನನ್ನೂ ಎತ್ತಲಿಲ್ಲ.

ಮರುದಿನ ಅವನು ಕೌಂಟರಿನಲ್ಲಿ ವಿಚಾರಿಸಿದಾಗ ಗುಮಾಸ್ತ ಬಾಯಿಬಿಟ್ಟ: “ಆ ಮೇಡಂ ನಿಮ್ಮ ಸ್ಲೈಡ್ ಓದಲ್ಲ ಅಂತ ವಾಪಸ್ ಕೊಟ್ಟುಬಿಟ್ರಂತೆ. ಈಗ ದೊಡ್ಡ ಮೇಡಮ್ಮೇ ನೋಡ್ತಿದ್ದಾರೆ.”

ಅವನು ನೇರ ಲ್ಯಾಬಿಗೆ ನುಗ್ಗಿದ.

“ನೋಡಿಬಿಟ್ರಿ, ಅಲ್ವಾ?”

ಅವಳು ಕೈಯಲ್ಲಿ ಟ್ಯೂಬು ಹಿಡಿದೇ ತಿರುಗಿದಳು. “ಏನನ್ನ?”

“ನನ್ನೊಳಗೂ ಅದೇ ಇದೆ ಅಂತ! ಅದಕ್ಕೇ ಫೋನ್ ಎತ್ತಲ್ಲ. ತಪ್ಪಿಲ್ಲ ಬಿಡಿ, ನಿಮ್ಮ ಜಾಗದಲ್ಲಿ ಯಾರಿದ್ರೂ ಹಿಂದೆ ಸರೀತಿದ್ರು. ಆದ್ರೆ ನೀವೇ ಹೇಳಬಹುದಿತ್ತು... ನನ್ನ ಚೋಟುಗೆ ಇನ್ಯಾರು ಗತಿ?”

“ನಾನು ನೋಡಲೇ ಇಲ್ಲ!” ಅವಳು ತಡೆದಳು. “ಫೋನ್ ಎತ್ತಿದ್ರೆ ಯಾಕೆ ನೋಡಲಿಲ್ಲ ಅಂತ ಕೇಳ್ತಿದ್ರಿ. ಅದಕ್ಕೆ ಹೆದರಿದೆ.”

“ಯಾಕೆ ನೋಡಲಿಲ್ಲ?”

ಅವಳು ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

“ಇರೋದೇ ಎರಡು ಸ್ಲೈಡ್. ಒಂದು ನಂದು, ಇನ್ನೊಂದು ನಿಮ್ಮದು. ಹೆಸರು ಮುಚ್ಚಿದ್ರೂ ಒಡೆದಿರೋದು ನಿಮ್ಮದೇ ಅಂತ ಗೊತ್ತಾಗುತ್ತೆ. ಒಡೆದಿದ್ದು ಕಂಡ್ರೂ ಒಡೆದಿಲ್ಲ ಅಂತ ನನ್ನ ಕಣ್ಣು ಸುಳ್ಳು ಹೇಳಿಬಿಡುತ್ತೆ. ಆ ಸುಳ್ಳಿನಿಂದ ಕೆಟ್ಟ ಮಜ್ಜೆ ಚೋಟುಗೆ ಹೋದ್ರೆ? ಅದಕ್ಕೇ ಇಲ್ಲೊಂದು ನಿಯಮ ಇದೆ. ಸಂಬಂಧಿಕರ ಸ್ಲೈಡನ್ನ ನಾವು ಓದೋ ಹಾಗಿಲ್ಲ.”

“ನಾನು... ನಿಮಗೆ ಸಂಬಂಧಿಕನಾ?”

“ಮೇಡಮ್ಮೂ ಇದನ್ನೇ ಕೇಳಿದ್ರು.” ಅವಳು ತಲೆ ತಗ್ಗಿಸಿದಳು. “ಇನ್ನೂ ಅಲ್ಲ, ಆಗಬೇಕು ಅಂತ ನಂಗೆ ಆಸೆ... ಅಂದೆ.”

ಅವನು ಬಾಯಿ ತೆರೆದ. “ನಾನೂ...” ಎಂಬಲ್ಲಿಗೇ ನಿಂತಿತು. ಲಿಫ್ಟ್ ರಿಪೇರಿಯವನೇ ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದ!

“ಫಲಿತಾಂಶ ನನಗೂ ಗೊತ್ತಿಲ್ಲ,” ಅವಳೆಂದಳು. “ಏನೇ ಬರಲಿ, ನಾನು ಎಲ್ಲಿಗೂ ಹೋಗಲ್ಲ.”

“ನನಗೆ ಕಾಯಿಲೆ ಇಲ್ಲದಿದ್ರೂ, ಆ ದೋಷ ಮುಂದೆ ನಮ್ಮ ಮಕ್ಕಳಿಗೆ ಹೋದ್ರೆ?” ಎಂದವನು ‘ನಮ್ಮ’ ಅಂದುಬಿಟ್ಟೆನಲ್ಲ ಎಂದು ಕೆಂಪಾದ.

“ಸಾಮಾನ್ಯವಾಗಿ ಅಪ್ಪ, ಅಮ್ಮ ಇಬ್ಬರಿಂದಲೂ ಬಂದ್ರೇನೇ ಕಾಯಿಲೆ. ಅದಕ್ಕೆ ಬೇರೆ ಪರೀಕ್ಷೆ ಇದೆ. ಇಬ್ಬರೂ ಮಾಡಿಸೋಣ.”

ಆಗ ಒಳಬಾಗಿಲು ತೆರೆಯಿತು. ದೊಡ್ಡ ಮೇಡಂ ಕನ್ನಡಕ ಹಣೆಗೇರಿಸಿಕೊಂಡು ನಿಂತಿದ್ದರು. ಇಬ್ಬರೂ ಅತ್ತ ತಿರುಗಿದರು.

“ಎರಡೂ ಸ್ಲೈಡ್ ಚೆನ್ನಾಗಿವೆ. ಹೆಸರು ಬಿಚ್ಚೋ ತನಕ ನಿಂದ್ಯಾವುದು, ಇವನದ್ಯಾವುದು ಅಂತ ನನಗೇ ಗೊತ್ತಾಗಲಿಲ್ಲ ಕಣಮ್ಮ.” ಅವನತ್ತ ತಿರುಗಿದರು. “ಹೋಗಿ, ತಂಗಿಗೆ ಹೇಳಿ. ನೀವು ಮಜ್ಜೆ ಕೊಡಬಹುದು.”

ಅವನು ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅವಳು ಅವನ ಭುಜದ ಮೇಲೆ ಕೈಯಿಟ್ಟಳು. ಅವನು ಆ ಕೈ ಹಿಡಿದುಕೊಂಡ, ಬಿಡಲಿಲ್ಲ.

“ಹಾಗಾದ್ರೆ,” ಕಣ್ಣೊರೆಸಿಕೊಂಡು ಕೇಳಿದ, “ಇನ್ಮೇಲೆ ನನ್ನ ಸ್ಲೈಡನ್ನ ನೀವು ಯಾವತ್ತೂ ಓದೋ ಹಾಗಿಲ್ಲ?”

“ಜೀವ ಇರೋ ತನಕ ಓದಲ್ಲ,” ಎಂದಳು ಅವಳು.