ತಳ ಕಾಣದ ಡಬ್ಬಿಗಳು

ಏಳು ಬೆಟ್ಟಗಳ ಆಚೆ, ಎಂಟನೆಯ ಬೆಟ್ಟ ಇನ್ನೂ ಹುಟ್ಟುವುದಕ್ಕೆ ಮೊದಲು, ರಂಗಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ದೊರೆಗೆ ಒಬ್ಬಳೇ ಮಗಳು, ಚಂಪಾವಳಿ. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಸಂಕಮ್ಮ ಎಂಬ ಮುದುಕಿ. ಚಂಪಾವಳಿಗೆ ಒಳ್ಳೆಯ ಮನಸ್ಸಿತ್ತು, ಒಳ್ಳೆಯ ಬುದ್ಧಿಯೂ ಇತ್ತು. ಆದರೆ ಬಣ್ಣದ ಡಬ್ಬಿ ಕಂಡರೆ ಎರಡೂ ಊರು ಬಿಟ್ಟು ಓಡುತ್ತಿದ್ದವು.

ಈ ಹುಚ್ಚು ಹಿಡಿಸಿದವಳು ಥಳುಕವ್ವ ಎಂಬ ಮಾಯಾವಿನಿ. ಕುದುರೆಯಷ್ಟು ದೊಡ್ಡ ಗೋಸುಂಬೆಯ ಮೇಲೆ ಕೂತು ಅವಳು ಅರಮನೆಗೆ ಬಂದಾಗ ಕಾವಲಿನವರು ತಡೆದರು. ಅವಳೇನು ಸಾಮಾನ್ಯದವಳೇ? ಬೆಳ್ಳಿಯ ಭರಣಿಯನ್ನು ಒಳಗೆ ನಿಂತಿದ್ದ ಚಂಪಾವಳಿಯತ್ತ ಚಾಚಿ, "ಕುಂಕುಮ ತಂದಿದ್ದೀನಿ, ತಗೋ ಮಗಳೇ" ಎಂದಳು. ರಂಗಾವತಿಯ ಹೆಣ್ಣುಮಕ್ಕಳು ಏನನ್ನು ಬೇಡವೆಂದರೂ ಕುಂಕುಮವನ್ನು ಬೇಡವೆನ್ನುವಂತಿಲ್ಲ. ಚಂಪಾವಳಿ ಭರಣಿ ತೆಗೆದುಕೊಂಡು ಬೆಲೆ ಕೇಳಿದಳು.

"ಹಣ ಯಾರಿಗೆ ಬೇಕು? ನಿಮ್ಮ ನಾಡಿನದೊಂದು ಬಣ್ಣ ಕೊಡು, ಸಾಕು. ಬೇಕಾದಷ್ಟು ಬಿದ್ದಿವೆಯಲ್ಲ!"

"ಆಗಲಿ" ಎಂದಳು ಚಂಪಾವಳಿ. ಮರುದಿನ ಸೂರ್ಯ ಕೆಂಪಿಲ್ಲದೆ ಹುಟ್ಟಿದ.

ಅಷ್ಟಕ್ಕೆ ಮುಗಿಯಿತೆ? ಕುಂಕುಮದ ಹಿಂದೆ ಕಾಡಿಗೆ ಬಂತು, ಕೋಗಿಲೆಯ ಕಪ್ಪು ಹೋಯಿತು. ಉಗುರಿನ ಬಣ್ಣ ಬಂತು, ಮಿಂಚುಳ್ಳಿಯ ನೀಲಿ ಹೋಯಿತು. ರೆಪ್ಪೆಗೆ ಹಚ್ಚುವ ಹಸಿರು ಬಂತು, ಗಿಳಿಗಳು ಬೂದಿಯ ಬಣ್ಣಕ್ಕೆ ತಿರುಗಿದವು. ತುಟಿಯ ರಂಗುಗಳಿಗಂತೂ ಲೆಕ್ಕವೇ ಇಲ್ಲ. ಹಜಾರದಲ್ಲಿ ಡಬ್ಬಿಗಳ ಸಾಲು ಸೂರು ಮುಟ್ಟಿತು.

"ಇದು ನಸುಗೆಂಪು, ಅದು ಎಳೆಗೆಂಪು. ಬೇರೆ ಬೇರೆ, ಅಜ್ಜಿ!" ಎಂದು ಅವಳು ಸಂಕಮ್ಮನಿಗೆ ತೋರಿಸುವಳು.

"ನನ್ನ ಕಣ್ಣಿಗೆ ಎಲ್ಡೂ ಒಂದೇ ಕಣವ್ವ" ಎಂದು ಸಂಕಮ್ಮ ಧೂಳು ಒರೆಸುವಳು. ಅಷ್ಟು ಡಬ್ಬಿಗಳಿದ್ದರೂ ಒಂದರ ತಳವನ್ನೂ ಚಂಪಾವಳಿ ಕಂಡವಳಲ್ಲ.

ರಂಗಾವತಿಯಲ್ಲಿ ನಾಡಿನ ಬಣ್ಣವೇ ದೊರೆಯ ಜೀವ. ಬಣ್ಣಗಳು ಹೋದ ಹಾಗೆಲ್ಲ ದೊರೆ ಬಿಳಿಚಿಕೊಂಡರು, ಹಾಸಿಗೆ ಹಿಡಿದರು. ಒಂದು ದಿನ ಚಂಪಾವಳಿ ನೋಡುತ್ತಾಳೆ, ತಂದೆಯ ಅಂಗೈಯ ಮೂಲಕ ಹಾಸಿಗೆಯ ಮೇಲಿನ ಹೂವಿನ ಕಸೂತಿ ಕಾಣುತ್ತಿದೆ! "ಅಮಾವಾಸ್ಯೆಯ ಹೊತ್ತಿಗೆ ಪೂರ್ತಿ ಕರಗಿಹೋಗುತ್ತಾರೆ, ತಾಯಿ. ನನ್ನ ಕೈಲಿ ಏನೂ ಇಲ್ಲ" ಎಂದ ಅರಮನೆಯ ವೈದ್ಯ.

ಅವಳು ಹಜಾರಕ್ಕೆ ಓಡಿಬಂದು ಬಾಗಿಲು ಹಾಕಿಕೊಂಡು ಅತ್ತಳು. ಅಳುತ್ತಳುತ್ತ, ಅಭ್ಯಾಸಬಲ ನೋಡಿ, ಕೈಗೆ ಸಿಕ್ಕ ಡಬ್ಬಿಯನ್ನು ತೆರೆದು ರೆಪ್ಪೆಗೆ ಹಚ್ಚಿಕೊಂಡಳು. ಅದು ಕಡಲೆಕಾಳಿನಷ್ಟು ಪುಟ್ಟ ಹಸಿರು ಡಬ್ಬಿ. ಉಗುರಿನಿಂದ ಕೆರೆದು ಹಚ್ಚಿದಳು. ಡಬ್ಬಿಯ ತಳ ಕಂಡಿತು. ಕಂಡದ್ದೇ ತಡ, ಕಿಟಕಿಯಲ್ಲಿ ಕೂತಿದ್ದ ಬೂದಿಬಣ್ಣದ ಗಿಳಿ ಹಸಿರಾಯಿತು!

"ಬಿಡುಗಡೆ! ಬಿಡುಗಡೆ!" ಎಂದು ಗಿಳಿ ರೆಕ್ಕೆ ಬಡಿಯಿತು. "ತಳ ಕಂಡ ಡಬ್ಬಿಯ ಬಣ್ಣ ನಾಡಿಗೆ ಮರಳುತ್ತದೆ, ರಾಜಕುಮಾರಿ. ಸುರಿದು ಚೆಲ್ಲಿದರೆ ಡಬ್ಬಿ ಮತ್ತೆ ತುಂಬುತ್ತದೆ. ಮೈಗೆ ಹಚ್ಚಿಯೇ ಮುಗಿಸಬೇಕು. ಹೊಸದೊಂದನ್ನು ಕೊಂಡೆಯೋ, ಮುಗಿದದ್ದೆಲ್ಲ ಮತ್ತೆ ಭರ್ತಿ!"

ಚಂಪಾವಳಿ ಸೂರು ಮುಟ್ಟಿದ ಸಾಲುಗಳನ್ನು ನೋಡಿದಳು. "ಅಜ್ಜೀ, ಒಂದು ಮುಖಕ್ಕೆ ಇಷ್ಟು ಮುಗಿಯೋದು ಯಾವ ಜನ್ಮಕ್ಕೆ?"

"ಒಂದೇ ಮುಖ ಯಾಕವ್ವ?" ಎಂದಳು ಸಂಕಮ್ಮ. "ಊರ್ ತುಂಬ ಮುಖ ಅವೆ. ಅರಮನೆ ಬಾಗ್ಲು ತಗೀ!"

ಬಾಗಿಲು ತೆರೆಯಿತು, ಡಂಗುರ ಸಾರಿದರು. ಅಬ್ಬಬ್ಬಾ, ಏನು ಜನ, ಏನು ಗದ್ದಲ! ಅಗಸಗಿತ್ತಿಯರ ಕೆನ್ನೆಗೆ ಲೇಪ, ಕಮ್ಮಾರನ ಮೀಸೆಗೆ ಅತ್ತರು, ಎಮ್ಮೆಗಳ ಕೊಂಬಿಗೆ ಉಗುರಿನ ಬಣ್ಣ. ಸೇನಾಪತಿ ಬೇಡಬೇಡವೆನ್ನುತ್ತಲೇ ಎರಡೂ ಕಣ್ಣಿಗೆ ಕಾಡಿಗೆ ಹಚ್ಚಿಸಿಕೊಂಡು, ಹೊರಗೆ ಹೋಗಿ ನೀರಿನಲ್ಲಿ ನೋಡಿಕೊಂಡು ನಕ್ಕ. ಡಬ್ಬಿಯ ಮೇಲೆ ಡಬ್ಬಿ ತಳ ಕಂಡಿತು. ಕೋಗಿಲೆ ಕಪ್ಪಾಯಿತು, ಮಿಂಚುಳ್ಳಿ ನೀಲಿಯಾಯಿತು!

ಸುದ್ದಿ ಥಳುಕವ್ವನಿಗೆ ಮುಟ್ಟಿತು. ಅವಳು ಬಳೆಗಾರ್ತಿಯ ವೇಷದಲ್ಲಿ ಬಂದಳು. ಅವಳ ಅಂಗೈಯಲ್ಲಿ ಬೆಳದಿಂಗಳ ಬಣ್ಣದ ಡಬ್ಬಿ. "ಇಂಥದ್ದು ನಾಳೆ ಬೇಕಂದ್ರೂ ಸಿಗಲ್ಲ. ಒಂದೇ ಒಂದು ತಗೋ ಮಗಳೇ, ಒಂದರಿಂದ ಏನಾಗುತ್ತೆ?"

ಚಂಪಾವಳಿಯ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಹೇಳಿದಳು: "ಇರೋದು ಮುಗೀಲಿ, ಆಮೇಲೆ ನೋಡೋಣ."

ಹೊರಗೆ ಕಟ್ಟಿದ್ದ ಗೋಸುಂಬೆ ಕುದುರೆಯಷ್ಟಿದ್ದದ್ದು ಕತ್ತೆಯಷ್ಟಾಯಿತು.

ಎರಡನೆಯ ಸಲ ಥಳುಕವ್ವ ಕನ್ನಡಿಯೊಳಗೆ ಹೊಕ್ಕಳು. ಹಂಚಿ ಹಂಚಿ ದಣಿದ ಚಂಪಾವಳಿ ಮುಖ ತೊಳೆದುಕೊಂಡು ಬಂದಾಗ ಕನ್ನಡಿ ಮಾತಾಡಿತು. "ಅಯ್ಯೋ, ಇದೇನು ಮುಖ! ಎಲ್ಲರಿಗೂ ಕೊಟ್ಟು ನೀನೇ ಕಳೆಗುಂದಿದೆಯಲ್ಲ. ಒಂದೇ ಒಂದು ತಗೋ ಮಗಳೇ, ಒಂದರಿಂದ ಏನಾಗುತ್ತೆ?" ಕನ್ನಡಿಯಿಂದ ಹೊಳೆಯುವ ಡಬ್ಬಿಯೊಂದು ಹೊರಗೆ ಚಾಚಿಕೊಂಡಿತು.

ಈ ಮಾತು ಅವಳ ಮನಸ್ಸಿಗೆ ನಾಟಿತು. ತನ್ನ ಬರಿಯ ಮುಖ ಅವಳಿಗೇ ಅಪರಿಚಿತವಾಗಿತ್ತು, ನೋಡಲು ಭಯವಾಯಿತು. ಆದರೂ ಹೇಳಿದಳು: "ಇರೋದು ಮುಗೀಲಿ, ಆಮೇಲೆ ನೋಡೋಣ." ಕನ್ನಡಿ ಬಿರುಕು ಬಿಟ್ಟಿತು. ಗೋಸುಂಬೆ ಆಡಿನಷ್ಟಾಯಿತು.

ಅಮಾವಾಸ್ಯೆಯ ದಿನ ಬಂತು. ಹಜಾರ ಖಾಲಿ ಖಾಲಿ! ಉಳಿದದ್ದು ಮೊಟ್ಟಮೊದಲು ಕೊಂಡ ಬೆಳ್ಳಿಯ ಭರಣಿಯೊಂದೇ. ಆ ಮಾಯದ ಕುಂಕುಮ ಒಂದು ಹಣೆಗೆ ಒಂದೇ ಸಲ ಹತ್ತುತ್ತಿತ್ತು. ಹೆಂಗಸರಿಗೆ, ಗಂಡಸರಿಗೆ, ಕೂಸುಗಳಿಗೆ, ಕರುಗಳಿಗೆ ಹಚ್ಚಿಯಾಗಿತ್ತು. ಆದರೂ ತಳದಲ್ಲಿ ಒಂದು ಚಿಟಿಕೆ ಉಳಿಯಿತು.

ಆಗ ಥಳುಕವ್ವ ತನ್ನ ನಿಜರೂಪದಲ್ಲೇ ಬಂದಳು. ಅವಳ ಕೈಯಲ್ಲಿ ಹೊಸ ಕುಂಕುಮದ ಭರಣಿ. "ತಗೋ ಮಗಳೇ. ಕುಂಕುಮವನ್ನ ಬೇಡ ಅನ್ನು, ನೋಡೋಣ!"

ಜನ ಸುತ್ತ ನೆರೆದರು. ಚಂಪಾವಳಿ ತಲೆಯೆತ್ತಿ, "ಬೇಡ ಅನ್ನಲ್ಲ. ಇರೋದು ಮುಗೀಲಿ, ಆಮೇಲೆ ತಗೋತೀನಿ" ಎಂದಳು.

"ಮುಗಿಸು ಮತ್ತೆ! ಹೊತ್ತು ಮುಳುಗೋದರೊಳಗೆ ಮುಗಿಸು! ಇನ್ನು ಯಾರ ಹಣೆ ಉಳಿದಿದೆ ಈ ಊರಲ್ಲಿ?" ಎಂದು ಥಳುಕವ್ವ ಗಹಗಹಿಸಿದಳು.

ಚಂಪಾವಳಿ ಸುತ್ತಲೂ ಹುಡುಕಿದಳು. ಎಲ್ಲರ ಹಣೆಯೂ ಕೆಂಪು. ಕಂಬದ ಮರೆಯಲ್ಲಿ ಮಾತ್ರ ಒಂದು ಬೋಳು ಹಣೆಯಿತ್ತು. ಅದು ಸಂಕಮ್ಮನದು. ಗಂಡ ಸತ್ತಂದಿನಿಂದ ಆ ಹಣೆಯನ್ನು ಯಾರೂ ಮುಟ್ಟಿರಲಿಲ್ಲ. ದಿನವೂ ಆ ಮಡಿಲಲ್ಲಿ ಮಲಗುತ್ತಿದ್ದ ಚಂಪಾವಳಿಗೂ ಅದು ಇದುವರೆಗೆ ಕಂಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಭರಣಿ ಹಿಡಿದು ಮುದುಕಿಯ ಮುಂದೆ ನಿಂತಳು.

"ನಂಗಾ? ಬ್ಯಾಡ ಕಣವ್ವ, ನಾನು ಹಚ್ಕೋಬಾರ್ದು" ಎಂದು ಸಂಕಮ್ಮ ಹಿಂದೆ ಸರಿದಳು.

"ಅಪಶಕುನ! ಅಪಶಕುನ!" ಎಂದು ಚೀರಿದಳು ಥಳುಕವ್ವ. ಜನರಲ್ಲೂ ಗುಸುಗುಸು ಎದ್ದಿತು.

ಸಂಕಮ್ಮ ಜನರನ್ನು ನೋಡಿದಳು. ಒಳಗೆ ಮಲಗಿದ್ದ, ಇದ್ದೂ ಇಲ್ಲದಂತಿದ್ದ ದೊರೆಯನ್ನು ನೋಡಿದಳು. ಆಮೇಲೆ ಸೆರಗು ಹಿಂದಕ್ಕೆ ಸರಿಸಿದಳು. "ಶಕುನವೋ ಅಪಶಕುನವೋ, ಈ ಮಗೀಗೆ ಅಪ್ಪ ಉಳೀಲಿ. ಹಚ್ಚವ್ವ."

ಚಂಪಾವಳಿ ಬೆರಳಿಂದ ಒರೆಸಿ ಒರೆಸಿ, ಅಷ್ಟನ್ನೂ ಹಣೆಯ ನಡುವೆ ದುಂಡಗೆ ಇಟ್ಟಳು. ಭರಣಿಯ ತಳ ಬೆಳ್ಳಿಯಾಗಿ ಹೊಳೆಯಿತು!

ಮುಳುಗುತ್ತಿದ್ದ ಸೂರ್ಯ ಧಗ್ಗನೆ ಕೆಂಪಾದ. ಗೋಸುಂಬೆ ಬೆರಳುದ್ದವಾಗಿ ಬೇಲಿ ಹತ್ತಿ ಓಡಿತು. ಎರವಲು ಬಣ್ಣವನ್ನೇ ಮೈಯಾಗಿ ಮಾಡಿಕೊಂಡಿದ್ದ ಥಳುಕವ್ವ, ಬಣ್ಣಗಳೆಲ್ಲ ಬಿಟ್ಟುಹೋಗಲು, ಅಭ್ರಕದ ಪುಡಿಯಾಗಿ ಗಾಳಿಗೆ ಹಾರಿದಳು. ದೊರೆ ಎದ್ದು ಕೂತರು. ಓಡಿಬಂದು ಎದುರಿಗೆ ನಿಂತ ಮಗಳ ತೊಳೆದ ಮುಖವನ್ನು ದಿಟ್ಟಿಸಿ, "ಎಲಾ, ನಿನಗೆ ನಿಮ್ಮಮ್ಮನದೇ ಮೂಗು! ಇಷ್ಟು ದಿನ ಎಲ್ಲಿಟ್ಟಿದ್ದೆ?" ಎಂದರು. ಮಗಳು ಅಳುತ್ತ ನಗುತ್ತ ಅವರನ್ನು ತಬ್ಬಿಕೊಂಡಳು.

ಖಾಲಿ ಡಬ್ಬಿಗಳನ್ನು ಜನ ಒಯ್ದರು. ಕೆಲವರು ಬೀಜ ತುಂಬಿದರು, ಮುದುಕರು ನಶ್ಯ ತುಂಬಿದರು. ಚಂಪಾವಳಿ ತನಗೆಂದು ಪೇಟೆಯಿಂದ ಒಂದೇ ಒಂದು ಕಾಡಿಗೆ ಡಬ್ಬಿ ತಂದುಕೊಂಡಳು, ಅದನ್ನು ತಳ ಕಾಣುವವರೆಗೂ ಬಳಸಿದಳು. ರಂಗಾವತಿಯಲ್ಲಿ ಮಾವು ಹಳದಿಯಾಗಿ ಹಣ್ಣಾಯಿತು, ಗಿಳಿಗಳು ಅದನ್ನು ತಿಂದವು, ಜನ ಗಿಳಿಗಳನ್ನು ಬೈಯುತ್ತ ಸುಖವಾಗಿದ್ದರು.

ಅಮಾವಾಸ್ಯೆಯ ಮರುದಿನದ ಮಾತೊಂದು ಉಳಿಯಿತು. ಸಂಕಮ್ಮ ತಲೆಗೆ ನೀರು ಹಾಕಿಕೊಂಡು ಬಂದು, ಯಾರ ಮುಖವನ್ನೂ ನೋಡದೆ, "ಅವ್ವ, ಆ ಕುಂಕುಮದ ಭರಣಿ ಎಲ್ಲಿಟ್ಟೆ?" ಎಂದು ಮೆಲ್ಲಗೆ ಕೇಳಿದಳು.

ಭರಣಿ ಬರಿದಾಗಿತ್ತು. ಚಂಪಾವಳಿ ಚಪ್ಪಲಿಯನ್ನೂ ಮೆಟ್ಟದೆ ಪೇಟೆಗೆ ಓಡಿದಳು.