ಕೂಪು ಅಂದರೆ ಬಾವಿಯಲ್ಲ

ಯಶೋಧರಾಳ ಮನೆಯ ಈ ಸಂಗತಿಯನ್ನು ನಾನು ಹೇಳಬಹುದೋ ಇಲ್ಲವೋ ಎಂದು ಬಹಳ ದಿನ ಹಿಂದೆಮುಂದೆ ನೋಡಿದೆ. ಅಡವಿಯ ಕೆಲಸವನ್ನು ನಾನು ಕಣ್ಣಾರೆ ಕಂಡಿಲ್ಲ. ಎಲ್ಲಾದರೂ ತಪ್ಪಿದ್ದರೆ, ಮಕ್ಕಳೇ, ಹೊಟ್ಟೆಗೆ ಹಾಕಿಕೊಳ್ಳಿ.

“ಬಾವಿ? ಯಾವ ಬಾವಿ ಬೇ?”

ಅಜ್ಜಿ ಪಕೀರಮ್ಮನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಬೀಳದೆ ಹಾಗೇ ನಿಂತಿತು.

ಯಶೋಧರಾ ತನ್ನ ಚಾರ್ಟನ್ನು ಇನ್ನಷ್ಟು ಅಗಲ ಮಾಡಿ ಹಿಡಿದಳು. ಅದರಲ್ಲಿ ದೊಡ್ಡ ಬಾವಿ ಇತ್ತು. ಒಬ್ಬ ಮನುಷ್ಯ ಸನಿಕೆ ಹಿಡಿದು ತೋಡುತ್ತಿದ್ದ. ಗೆಳತಿ ನಗ್ಮಾ ಅದರೊಳಗಿನ ನೀರಿಗೆ ನೀಲಿ ಬಣ್ಣ ಹಚ್ಚಿಕೊಟ್ಟಿದ್ದಳು.

“ನಿಮ್ಮಪ್ಪ, ಗದ್ದೆಪ್ಪ ಮುತ್ಯಾ. ನೀನ ಹೇಳಿದ್ದಿ ಆಯಿ, ಕೂಪಿನ ಕೆಲಸ ಮಾಡ್ತಿದ್ದ ಅಂತ. ನಾ ಡಿಕ್ಷನರಿ ನೋಡೀನಿ. ಕೂಪ ಅಂದ್ರ ಬಾವಿ.”

ಪಕೀರಮ್ಮ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು.

“ನಿನ್ನ ಡಿಕ್ಷನರಿಗೆ ಬೆಂಕಿ ಹಚ್ಚಲಿ! ಕೂಪು ಅಂದ್ರ ಅಡವಿ ಬೇ. ಸರ್ಕಾರದೋರು ಅಡವ್ಯಾಗ ಒಂದು ತುಂಡು ಗುರ್ತು ಮಾಡಿ, ಇಷ್ಟರಾಗ ಗಿಡ ಕಡೀರಿ ಅಂತಿದ್ರು. ಆ ತುಂಡಿಗೆ ಕೂಪು ಅಂತಾರ. ನಮ್ಮಪ್ಪ ಗಿಡ ಕಡಿಯೋನು.”

ಯಶೋಧರಾ ಚಾರ್ಟನ್ನು ಕೆಳಗಿಳಿಸಿದಳು.

ನಾಳೆ ಶನಿವಾರ, ಶಾಲೆಯಲ್ಲಿ ಪರಿಸರ ದಿನದ ಪ್ರೋಗ್ರಾಂ. ‘ನಮ್ಮ ಮನೆಯ ಹಿರಿಯರು, ನಮ್ಮ ಪರಿಸರ’ ಎಂದು ಮಕ್ಕಳು ಚಾರ್ಟ್ ತೋರಿಸಿ ಮಾತಾಡಬೇಕು. ರೇಣುಕಾದೇವಿ ಮಿಸ್ ಯಶೋಧರಾಳ ಚಾರ್ಟನ್ನೇ ಮೊದಲು ಆರಿಸಿದ್ದರು. ‘ಊರಿಗೆ ನೀರು ಕೊಟ್ಟ ಕೈ ಇದು’ ಎಂದು ಕ್ಲಾಸಿನ ಎದುರು ಹೊಗಳಿದ್ದರು. ಮನೆಯವರನ್ನೂ ಕರೆದುಕೊಂಡು ಬಾ ಎಂದಿದ್ದರು. ಅಪ್ಪ ಹುಲಿಗೇಶನಿಗೆ ಮಸ್ಕಿಯಲ್ಲಿ ಡ್ಯೂಟಿ. ಹಾಗಾಗಿ ಬರುವವಳು ಅಜ್ಜಿಯೇ.

ಅದೇ ಶಾಲೆಯ ಹಾಲಿನ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು: ‘ಮರ ಕಡಿಯುವವರು ಭೂಮಿಯ ವೈರಿಗಳು.’

ಅವಳು ಓಡಿ ನಗ್ಮಾಳ ಮನೆಗೆ ಹೋಗಿ ಎಲ್ಲ ಹೇಳಿದಳು.

“ಆಯಿಗೆ ಜ್ವರ ಅಂತ ಹೇಳಿಬಿಡು,” ಎಂದಳು ನಗ್ಮಾ. “ಆಯಿ ಬರ್ಲಿಲ್ಲ ಅಂದ್ರ ಯಾರಿಗೆ ಗೊತ್ತಾಗ್ತದ? ನಾನಂತೂ ಬಾಯಿ ಬಿಡಂಗಿಲ್ಲ. ಕಸಮ್!”

ಯಶೋಧರಾ ಮನೆಗೆ ಬಂದಳು. ಪಕೀರಮ್ಮ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಮಡಿಲಲ್ಲಿಟ್ಟುಕೊಂಡು, ಮಡಿಕೆ ಬಿದ್ದ ಕಡೆ ಅಂಗೈಯಿಂದ ಒತ್ತುತ್ತಿದ್ದಳು.

“ಆಯಿ, ನೀ ನಾಳೆ ಬರಬ್ಯಾಡ. ನಿನಗ ಮೊಣಕಾಲು ನೋವು ಐತಲ್ಲ?”

ಅಜ್ಜಿಯ ಕೈ ನಿಂತಿತು. ಅವಳು ಮೊಮ್ಮಗಳ ಮುಖ ನೋಡಿದಳು.

“ಅಂಜಬ್ಯಾಡ. ನಾನೂ ಬಾವಿ ಅಂತೀನಿ ಬಿಡು,” ಎಂದಳು. “ಸಾಲಿ ಒಳಗ ಹ್ಯಾಂಗಿರ್ತದ, ಕುಂತು ನೋಡಬೇಕು ಅಂತ ಆಸೆ ಐತಿ, ಅಷ್ಟ.”

ಆ ರಾತ್ರಿ ಯಶೋಧರಾ ಅರ್ಧ ರೊಟ್ಟಿ ತಿಂದು ಎದ್ದಳು. ಅಜ್ಜಿ ಒಪ್ಪಿದ್ದಳು. ಆದರೂ ಎದೆ ಹಗುರಾಗಲಿಲ್ಲ. ಯಾಕೆ ಎಂದು ಅವಳಿಗೆ ತಿಳಿಯಲಿಲ್ಲ.

ಬಳಗಾನೂರಿನ ಆ ಶಾಲೆಯ ಹಾಲ್ ಮುಂಜಾನೆ ಎಂಟಕ್ಕೇ ತುಂಬಿತ್ತು. ಪಕೀರಮ್ಮ ಕಡೆಯ ಬೆಂಚಿನ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗುವವಳಂತೆ ಕೂತಿದ್ದಳು.

ಯಶೋಧರಾ ಚಾರ್ಟ್ ಹಿಡಿದು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಮಿಸ್, “ಇವಳ ಅಜ್ಜಿನೂ ಬಂದಾರ. ಅವರನ್ನ ಕೇಳೋಣ. ಅಮ್ಮಾರೀ, ನಿಮ್ಮಪ್ಪ ಎಷ್ಟು ಬಾವಿ ತೋಡ್ಯಾರ?” ಎಂದರು.

ಎಲ್ಲರೂ ಹಿಂದಕ್ಕೆ ತಿರುಗಿದರು.

ಪಕೀರಮ್ಮ ಎದ್ದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಭಾಳ ರೀ... ಭಾಳ ತೋಡ್ಯಾನ,” ಎಂದಳು. ನೆಲ ನೋಡುತ್ತ ಹೇಳಿದಳು.

ರೊಟ್ಟಿ ಬಡಿಯುವಾಗ ಗದ್ದೆಪ್ಪನ ಸುದ್ದಿ ಬಂದರೆ ತಲೆ ಎತ್ತಿ ಮಾತಾಡುವ ಅಜ್ಜಿ ಅವಳು. ಇವತ್ತು ಮೊಮ್ಮಗಳಿಗೋಸ್ಕರ ನೆಲ ನೋಡುತ್ತಿದ್ದಾಳೆ. ಯಶೋಧರಾಳ ಕಿವಿ ಬಿಸಿಯಾಯಿತು.

“ಮಿಸ್, ಆಯಿದು ತಪ್ಪಿಲ್ಲ ರೀ. ನಂದು ತಪ್ಪು,” ಎಂದಳು. “ಕೂಪು ಅಂದ್ರ ಬಾವಿ ಅಲ್ಲ. ಅಡವಿ. ನಮ್ಮ ಮುತ್ಯಾ ಗಿಡ ಕಡೀತಿದ್ದ.”

ಮುಂದಿನ ಸಾಲಿನಿಂದ ಅವಳ ಕ್ಲಾಸಿನ ಸಿದ್ದರಾಮೇಶ ಕೂಗಿದ: “ಹಂಗಾರ ನಿಮ್ಮ ಮುತ್ಯಾ ಭೂಮಿ ವೈರಿ ಬಿಡಲೇ!”

ಕೆಲವರು ನಕ್ಕರು. ನಗ್ಮಾ ಅವನ ಬೆನ್ನಿಗೆ ಪೆನ್ಸಿಲ್‌ನಿಂದ ಚುಚ್ಚಿದಳು. ಮಿಸ್ ಒಮ್ಮೆ ಗೋಡೆಯ ಕಡೆ ನೋಡಿದರು. ಮುಖ ಸಪ್ಪಗಾಯಿತು.

“ಸುಮ್ಮನಿರಪ್ಪ,” ಎಂದರು. “ಅಮ್ಮಾರೀ, ಕೂಪಿನ ಸುದ್ದಿ ನಮಗೂ ಗೊತ್ತಿಲ್ಲ. ಹೇಳ್ತೀರೇನು?”

ಪಕೀರಮ್ಮ ಸೆರಗು ಬಿಟ್ಟಳು.

“ಆಗ ಇಲ್ಲಿಗೆ ಕೆನಾಲ್ ಬಂದಿದ್ದಿಲ್ಲ ರೀ. ದುಡ್ಯಾಕ ಕೆಲಸಿಲ್ಲ. ನಮ್ಮಪ್ಪ, ನಮ್ಮವ್ವ ಅಡವಿಗೆ ನಡಕೋತ ಹೋದ್ರು. ನಾವು ನಾಕು ಮಂದಿ ಮಕ್ಕಳು ಅಲ್ಲೇ ಹುಟ್ಟಿದ್ವಿ. ಒಂದು ಕೂಪು ಮುಗೀತಂದ್ರ ಗುಡಿಸಲ ಬಿಚ್ಚಾದು, ಹೊತ್ತಗೊಂಡು ಮುಂದಿನ ಕೂಪಿಗೆ. ನಮ್ಮಕ್ಕ ಒಂದು ಕೂಪಿನ್ಯಾಗ ಹುಟ್ಟ್ಯಾಳ, ನಾ ಇನ್ನೊಂದರಾಗ.”

“ಗರಗಸ ಅಂದ್ರ ಇಷ್ಟುದ್ದ,” ಎಂದು ಕೈ ಚಾಚಿದಳು. “ಆ ಕಡೆ ಅಪ್ಪ, ಈ ಕಡೆ ಅವ್ವ. ಬರೀ ಜಗ್ಗಬೇಕು. ದೂಡಿದ್ರ ಸಿಗಬೀಳ್ತದ.”

“ಗಿಡ ನಿಮ್ಮ ಮ್ಯಾಲ ಬಿದ್ರ?” ಎಂದು ಒಬ್ಬ ಹುಡುಗಿ ಕೇಳಿದಳು.

“ಅದಕ್ಕ ಒಂದು ಪದ್ಧತಿ ಇತ್ತವ್ವ. ಗಿಡ ಬೀಳೂ ಹೊತ್ತಿಗೆ ಗರಗಸ ನಿಲ್ಲಸ್ತಿದ್ರು. ತಾಯಂದ್ರು ತಮ್ಮ ಮಕ್ಕಳ ಹೆಸರು ಹಿಡಿದು ಕೂಗ್ತಿದ್ರು. ಎಲ್ಲಾ ಮಕ್ಕಳೂ ‘ಓ’ ಅಂದ ಮ್ಯಾಲನ ಕಡೇ ಜಗ್ಗು.”

ಪಕೀರಮ್ಮ ಮುಂದುವರಿಸಿದಳು.

“ಒಮ್ಮೆ ನಾ ‘ಓ’ ಅನ್ನಲಿಲ್ಲ. ನಾಕು ವರ್ಷದಾಕಿ ನಾನು. ತೊಗಟಿ ಗುಂಪಿನ ಹಿಂದ ನಿದ್ದಿ ಹೋಗಿದ್ದೆ. ಗಿಡ ಕೊಯ್ಯೂದು ಎರಡು ಬೆರಳಿನಷ್ಟ ಉಳಿದಿತ್ತಂತ. ಅಪ್ಪ ಬೆಣೆ ಹೊಡದು ನಿಲ್ಲಿಸಿದ. ಮುಕಾದಮ, ಅಂದ್ರ ನಮ್ಮ ಮ್ಯಾಗಿನವ, ‘ಗಾಳಿ ಎದ್ದೈತಿ, ಕಡಿಯೋ ಮಗನ!’ ಅಂತ ಒದರಾಕತ್ತಿದ್ದ. ಯಾರೂ ಕಡೀಬಾರದಂತ ಅಪ್ಪ ಗರಗಸದ ಹಿಡಿಕೆ ಕಿತ್ತು ಕಿಸೆದಾಗ ಇಟ್ಟಗೊಂಡು ನನ್ನ ಹುಡುಕಾಕ ಹೋದ. ಸಿಕ್ಕೆ. ಮರುದಿನ ಮುಕಾದಮ ನಮ್ಮನ್ನ ಕೆಲಸದಿಂದ ತಗದ. ಮತ್ತ ಗುಡಿಸಲ ಬಿಚ್ಚಿದ್ವಿ.”

ಯಾರೂ ನಗಲಿಲ್ಲ. ಈ ಮಾತನ್ನು ಯಶೋಧರಾ ಕೂಡ ಎಂದೂ ಕೇಳಿರಲಿಲ್ಲ.

“ಗಿಡ ಬಿದ್ದ ಮ್ಯಾಲ ನಿಮ್ಮಪ್ಪ ಏನಂತಿದ್ರು?” ಮಿಸ್ ಮೆಲ್ಲಗೆ ಕೇಳಿದರು.

“ಏನೂ ಅಂತಿದ್ದಿಲ್ಲ ರೀ. ನಮ್ಮನ್ನ ಎಣಸ್ತಿದ್ದ. ಎಣಿಸಿ ಆದ ಮ್ಯಾಲ ನೀರು ಕುಡೀತಿದ್ದ.”

ಯಶೋಧರಾ ಚಾರ್ಟನ್ನು ಸುರುಳಿ ಸುತ್ತಿದಳು. ಮೊದಲ ಸಾಲಿನ ತನ್ನ ಜಾಗಕ್ಕೆ ಹೋಗಲಿಲ್ಲ. ಸಾಲುಗಳ ನಡುವೆ ನಡೆದು, ಕಡೆಯ ಬೆಂಚಿಗೆ ಬಂದು, “ಸ್ವಲ್ಪ ಒಳಗ ಸರಿ ಆಯಿ,” ಎಂದಳು. ತುದಿಯಲ್ಲಿ ನಿಂತಿದ್ದ ಪಕೀರಮ್ಮ ಒಳಗೆ ಸರಿದು ಸರಿಯಾಗಿ ಕೂತಳು.

ಮನೆಗೆ ಹೋಗುವಾಗ ಯಶೋಧರಾ ಒಂದೇ ಮಾತು ಕೇಳಿದಳು: “ಅಷ್ಟು ದೊಡ್ಡ ಗಿಡ ಕಡಿಯಾಗ ಮುತ್ಯಾಗ ಕೆಟ್ಟ ಅನಸ್ತಿತ್ತೇನು?”

“ನಾ ಕೇಳಲಿಲ್ಲವ್ವ,” ಎಂದಳು ಅಜ್ಜಿ. “ಕೇಳೂವಷ್ಟು ದೊಡ್ಡಾಕಿ ಆಗೂದರೊಳಗ ಅವ ಹೋಗಿಬಿಟ್ಟ.”

ಯಶೋಧರಾ ಅಜ್ಜಿಯ ಕೈ ಹಿಡಿದು ನಿಧಾನಕ್ಕೆ ನಡೆದಳು.

ಆ ಅಡವಿ ಎಲ್ಲಿತ್ತು, ಗದ್ದೆಪ್ಪ ಎಷ್ಟು ಮರ ಕಡಿದ, ಕಡಿಯುವಾಗ ಅವನ ಮನಸ್ಸಿನಲ್ಲಿ ಏನಿತ್ತು, ಪಕೀರಮ್ಮನಿಗೆ ಗೊತ್ತಿಲ್ಲ. ನಾನೂ ನಾಲ್ಕಾರು ಹಿರಿಯರನ್ನು ಕೇಳಿ ನೋಡಿದೆ. ನನಗೂ ಗೊತ್ತಾಗಲಿಲ್ಲ.